‘ಜಲ್ದಿ ಹೊಡ್ಯಣ್ಣ’ ಅನ್ನುವ ಮುನ್ನ: ಆಂಬುಲೆನ್ಸ್ ಕುಲುಕಾಟದ ತಪ್ಪು ಕಲ್ಪನೆ ಮತ್ತು ವಾಸ್ತವ

ಕೊಳಗಲ್ಲಿನಿಂದ ಬಳ್ಳಾರಿಯ ದೊಡ್ಡಾಸ್ಪತ್ರೆ ದೂರವೇನಲ್ಲ. ಕುರುಗೋಡು ಕಡೆಯಿಂದ, ಅದಕ್ಕೂ ಆಚೆ ಸಿರುಗುಪ್ಪದಿಂದ ಬರುವವರ ಮುಂದೆ ಕೊಳಗಲ್ಲಿನವರ ದಾರಿ ಏನೇನೂ ಅಲ್ಲ. ಆದರೆ ಸೊಂಟದ ಮೂಳೆ ಮುರಿದ ಮುದುಕಿಯೊಬ್ಬಳನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಹೊರಟರೆ ಅದೇ ದಾರಿಯ ಒಂದೊಂದು ಹಂಪೂ ಲೆಕ್ಕಕ್ಕೆ ಬರುತ್ತದೆ. ಗಾಡಿ ಎತ್ತಿಹಾಕಿದಾಗಲೆಲ್ಲ ಆಕೆ ಕಿರುಚುತ್ತಾಳೆ. ಮುಂದೆ ಕೂತ ಮಗ, ‘ಜಲ್ದಿ ಹೊಡ್ಯಣ್ಣ, ಅವ್ವಗೆ ತಡ್ಕಣಾಕ ಆಗ್ತಿಲ್ಲ’ ಅನ್ನುತ್ತಾನೆ. ಪೈಲಟ್ ಆಕ್ಸಿಲರೇಟರ್ ಒತ್ತುತ್ತಾನೆ. ಮುಂದಿನ ಹಂಪಿನಲ್ಲಿ ಆಕೆಯ ಕೂಗು ಇನ್ನೂ ಜೋರಾಗುತ್ತದೆ.

108 ಆಂಬುಲೆನ್ಸ್ ಸೇವೆಯಲ್ಲಿ ಚಾಲಕನಿಗೆ ಪೈಲಟ್ ಎನ್ನುತ್ತಾರೆ, ಹಿಂದೆ ರೋಗಿಯ ಪಕ್ಕದಲ್ಲಿ ಇರುವವರಿಗೆ ಇ.ಎಂ.ಟಿ. ಎನ್ನುತ್ತಾರೆ. ‘ಆರೋಗ್ಯ ಕವಚ’ ಹೆಸರಿನಲ್ಲಿ ಈ ಸೇವೆ ಕರ್ನಾಟಕದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಅಂದಿನಿಂದ ನಾವು ಕೇಳುತ್ತ ಬಂದದ್ದು ಎರಡೇ ಪ್ರಶ್ನೆ: ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಬೇಗ ಮುಟ್ಟಿಸಿತು. ಹೇಗೆ ಮುಟ್ಟಿಸಿತು ಎಂದು ಯಾರೂ ಕೇಳುವುದಿಲ್ಲ. ಕೇಳದೆ ಬಿಟ್ಟದ್ದರಿಂದಲೇ ಈ ವಿಷಯದಲ್ಲಿ ಹಲವು ತಪ್ಪು ನಂಬಿಕೆಗಳು ಬೇರೂರಿವೆ. ರೋಗಿಯ ನೋವು ಹೆಚ್ಚುವುದೂ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರುವುದೂ ಅವುಗಳಿಂದಲೇ.

ತಪ್ಪು ಕಲ್ಪನೆ: ಕುಲುಕಾಟ ಸ್ವಲ್ಪ ಹೊತ್ತಿನ ತ್ರಾಸು, ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ

ವಾಸ್ತವ: ಸಂಬಂಧವಿದೆ. ಮೇಲೆ ಕೆಳಗೆ ಆಡುವ ಎಲ್ಲ ಕಂಪನವೂ ಮೈಗೆ ಒಂದೇ ರೀತಿ ನಾಟುವುದಿಲ್ಲ. ಸೆಕೆಂಡಿಗೆ 4ರಿಂದ 8 ಸಲ ಆಡುವ ಕಂಪನಕ್ಕೆ ಮನುಷ್ಯನ ದೇಹ ಎಲ್ಲಕ್ಕಿಂತ ಹೆಚ್ಚು ಸೂಕ್ಷ್ಮ. ಮೈಗೆ ತಟ್ಟುವ ಕಂಪನವನ್ನು ಅಳೆಯಲು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕಂಪನದ ತೀವ್ರತೆ ಪ್ರತಿ ಸೆಕೆಂಡ್ ವರ್ಗಕ್ಕೆ 0.315 ಮೀಟರ್‌ಗಿಂತ ಕೆಳಗಿದ್ದರೆ ಕೂತವರಿಗೆ ತೊಂದರೆ ಅನ್ನಿಸದು. 2 ಮೀಟರ್ ದಾಟಿದರೆ ಸಹಿಸಲಾಗದಷ್ಟು ಹಿಂಸೆ. ನೆನಪಿಡಬೇಕಾದದ್ದು ಇಷ್ಟೇ: ಈ ಅಳತೆಯನ್ನು ಇಟ್ಟಿರುವುದು ಗಟ್ಟಿಮುಟ್ಟಾದವರನ್ನು ಮನಸ್ಸಿನಲ್ಲಿಟ್ಟುಕೊಂಡು. ಮೂಳೆ ಮುರಿದವರಿಗೆ, ಹೊಟ್ಟೆ ಕೊಯ್ಸಿಕೊಂಡವರಿಗೆ, ತಲೆಗೆ ಪೆಟ್ಟು ಬಿದ್ದವರಿಗೆ ಸಹನೆಯ ಗೆರೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ.

ತೊಡೆಯ ಮೂಳೆ ಮುರಿದಿದೆ ಎಂದುಕೊಳ್ಳಿ. ಗಾಡಿ ಒಮ್ಮೆ ಎತ್ತಿಹಾಕಿದರೆ ಮುರಿದ ಎರಡು ತುದಿಗಳು ಒಂದಕ್ಕೊಂದು ಉಜ್ಜುತ್ತವೆ, ಸುತ್ತಲಿನ ಮಾಂಸವನ್ನು ಚುಚ್ಚುತ್ತವೆ, ಒಳಗೆ ರಕ್ತ ಇನ್ನಷ್ಟು ಸೋರುತ್ತದೆ. ನೋವಿಗೆ ನಾಡಿ ಏರುತ್ತದೆ, ಬಿ.ಪಿ. ಏರುತ್ತದೆ. ಕಿಬ್ಬೊಟ್ಟೆಯ ಮೂಳೆ ಒಡೆದಿದ್ದರಂತೂ ಒಳಗೆ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಹರಿಯಲು ಇಂಥ ಒಂದು ಹೊಡೆತ ಸಾಕು.

ಚಿಕಿತ್ಸೆ ಕೊಡುವವರ ಕೈಯನ್ನೂ ಕುಲುಕಾಟ ಕಟ್ಟಿಹಾಕುತ್ತದೆ. ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಅಲುಗಾಟದಲ್ಲಿ ತಪ್ಪು ಅಂಕಿ ತೋರಿಸುತ್ತದೆ. ಬಿ.ಪಿ. ಯಂತ್ರ ಕೆಲಸ ಮಾಡುವುದು ರಕ್ತನಾಳದ ಸಣ್ಣ ಮಿಡಿತವನ್ನು ಹಿಡಿದು. ಗಾಡಿಯೇ ಮಿಡಿಯುತ್ತಿದ್ದರೆ ಅದು ಯಾವುದನ್ನು ಹಿಡಿಯಬೇಕು? ಕೈಗೆ ಚುಚ್ಚಿದ ಸಲೈನ್ ಸೂಜಿ ಕಳಚುತ್ತದೆ. ಉಸಿರುನಳಿಕೆ ಹಾಕಿದ್ದರೆ ಅದು ಸರಿಯುವ ಅಪಾಯವಿದೆ. ಎದೆ ಒತ್ತಬೇಕಾಗಿ ಬಂದರೆ, ಜೋಲಿ ಹೊಡೆಯುವ ಗಾಡಿಯಲ್ಲಿ ನಿಂತು ಸರಿಯಾದ ಆಳಕ್ಕೆ ಒತ್ತುವುದು ತರಬೇತಾದವರಿಗೂ ಕಷ್ಟ.

ತಪ್ಪು ಕಲ್ಪನೆ: ಎಷ್ಟು ಜೋರಾಗಿ ಹೋದರೆ ರೋಗಿಗೆ ಅಷ್ಟು ಒಳ್ಳೆಯದು

ವಾಸ್ತವ: ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ಇದು. ಮೊದಲು ಲೆಕ್ಕ ಹಾಕೋಣ. ದಾರಿ ಹದಿನೈದು ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಸರಾಸರಿ 60ರ ವೇಗದಲ್ಲಿ ಹೋದರೆ 15 ನಿಮಿಷ, 45ರಲ್ಲಿ ಹೋದರೆ 20 ನಿಮಿಷ. ವ್ಯತ್ಯಾಸ ಐದೇ ನಿಮಿಷ. ನಮ್ಮ ದಾರಿಗಳಲ್ಲಿ ಆ ಐದು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಎಂಬತ್ತಕ್ಕೆ ಏರಿಸಿ, ಹಂಪ್ ಕಂಡಕೂಡಲೇ ಬ್ರೇಕ್ ತುಳಿದು, ಮತ್ತೆ ಏರಿಸಿದರೆ ಸ್ಪೀಡೋಮೀಟರಿನ ಮುಳ್ಳು ಕುಣಿಯುತ್ತದೆಯೇ ಹೊರತು ಸರಾಸರಿ ಅಷ್ಟೇನೂ ಮೇಲೇರುವುದಿಲ್ಲ. ಒಳಗೆ ಮಲಗಿದವರಿಗೆ ಮಾತ್ರ ಮೇಲೆ ಕೆಳಗಿನ ಹೊಡೆತದ ಜೊತೆ ಹಿಂದೆ ಮುಂದೆ ಎಳೆದಾಡಿದ ಹಿಂಸೆಯೂ ಸೇರುತ್ತದೆ.

ಹೊಡೆತದ ಲೆಕ್ಕ ಬೇರೆಯೇ ಇದೆ. ಒಂದೇ ಹಂಪನ್ನು ಎರಡರಷ್ಟು ವೇಗದಲ್ಲಿ ಹತ್ತಿದರೆ ಚಕ್ರವನ್ನು ಮೇಲಕ್ಕೆ ಎಸೆಯುವ ತೀವ್ರತೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. 25ರಲ್ಲಿ ದಾಟಿದರೆ ತೂಗಿದಂತಾಗುವ ಹಂಪು 50ರಲ್ಲಿ ಬಡಿಗೆಯ ಏಟು. ವೇಗದಿಂದ ಉಳಿಯುವುದು ಕೆಲವೇ ನಿಮಿಷ, ಏರುವುದು ಹಲವು ಪಟ್ಟು ಪೆಟ್ಟು.

ಸೈರನ್ ವಿಷಯವೂ ಹೀಗೆಯೇ. ಸೈರನ್ ಹಾಕಿ ಓಡುವುದರಿಂದ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಮೆರಿಕದ ಗ್ರೀನ್‌ವಿಲ್ ಎಂಬ ಊರಿನಲ್ಲಿ ಅಳೆದು ನೋಡಿದ್ದರು. 1995ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಉಳಿದ ಸಮಯ ಸರಾಸರಿ 43.5 ಸೆಕೆಂಡ್. ನಮ್ಮ ಊರುಗಳ ದಟ್ಟಣೆ ಬೇರೆ, ಉಳಿಯುವ ಹೊತ್ತೂ ಬೇರೆ ಇರಬಹುದು. ಆದರೂ ಸೈರನ್ ಇರುವುದು ದಾರಿ ಬಿಡಿಸಲಿಕ್ಕೆ, ಹಂಪು ಹಾರಿಸಲಿಕ್ಕಲ್ಲ.

2020ರ ಫೆಬ್ರವರಿಯಲ್ಲಿ 40 ದಿನದ ಮಗುವೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ತಾಸಿನಲ್ಲಿ ಮುಟ್ಟಿಸಿದ್ದು ರಾಜ್ಯದ ಜನರಿಗೆ ನೆನಪಿರಬೇಕು. ಎಲ್ಲರೂ ವೇಗವನ್ನೇ ಕೊಂಡಾಡಿದರು. ನನಗೆ ಕಂಡ ದೊಡ್ಡ ಸಂಗತಿ ಬೇರೆ. ದಾರಿಯುದ್ದಕ್ಕೂ ಪೊಲೀಸರೂ ಜನರೂ ನಿಂತು ರಸ್ತೆ ಖಾಲಿ ಮಾಡಿಕೊಟ್ಟದ್ದರಿಂದ ಪದೇ ಪದೇ ಬ್ರೇಕ್ ತುಳಿಯುವ, ಸಂದಿಯಲ್ಲಿ ನುಗ್ಗುವ ಪ್ರಮೇಯವೇ ಕಡಿಮೆಯಾಯಿತು. ದಾರಿ ಖಾಲಿಯಿದ್ದರೆ ಹೊತ್ತು ಉಳಿಯುತ್ತದೆ, ಒಳಗಿನ ಜೀವಕ್ಕೂ ಹೊಡೆತ ತಪ್ಪುತ್ತದೆ. ವೇಗವೊಂದನ್ನೇ ನಂಬಿದರೆ ಏನಾಗಬಹುದು ಎಂಬುದಕ್ಕೆ 2022ರ ಜುಲೈ 20ರಂದು ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟ್‌ನಲ್ಲಿ ನಡೆದದ್ದನ್ನು ನೆನೆಯಬೇಕು. ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಮಳೆಗೆ ನೆನೆದ ರಸ್ತೆಯ ಮೇಲೆ ಜಾರಿ ತಿರುಗಿಬಿತ್ತು. ನಾಲ್ವರು ಪ್ರಾಣ ಕಳೆದುಕೊಂಡರು.

ಹಾಗಾದರೆ ಹೊತ್ತಿಗೆ ಬೆಲೆಯೇ ಇಲ್ಲವೇ? ಇದೆ. ಪಾರ್ಶ್ವವಾಯು ಹೊಡೆದವರಿಗೆ ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಹೆರಿಗೆಯಾಗಿ ರಕ್ತ ನಿಲ್ಲದವರಿಗೆ ನಿಮಿಷವೂ ಮುಖ್ಯ. ಆದರೆ ಹೊತ್ತು ಹೆಚ್ಚು ಸೋರಿಹೋಗುವುದು ರಸ್ತೆಯಲ್ಲಲ್ಲ, ಮನೆಯಲ್ಲಿ. ‘ಗ್ಯಾಸ್ ಇರಬೇಕು, ಸೋಡಾ ಕುಡಿ’ ಎಂದು ಒಂದು ತಾಸು, ದೊಡ್ಡಪ್ಪ ಬರಲಿ ಎಂದು ಇನ್ನೊಂದು ತಾಸು, ದುಡ್ಡು ಹೊಂದಿಸಲು ಮತ್ತಷ್ಟು. ಆಮೇಲೆ ಅದನ್ನೆಲ್ಲ ಪೈಲಟ್ ಹದಿನೈದು ಕಿಲೋಮೀಟರಿನಲ್ಲಿ ಮರಳಿ ಗಳಿಸಿಕೊಡಬೇಕು ಎಂದು ಬಯಸುತ್ತೇವೆ. ಈಗ ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅದಕ್ಕೆ ಸೇರಿದ ತಾಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಹೃದಯಾಘಾತ ಎಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ಹತ್ತಿರದಲ್ಲೇ ಮೊದಲ ಚಿಕಿತ್ಸೆ ಸಿಕ್ಕರೆ ಸಿರುಗುಪ್ಪದಿಂದ ಬಳ್ಳಾರಿಯ ತನಕ ಐವತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಜೀವ ಕೈಯಲ್ಲಿ ಹಿಡಿದು ಓಡಬೇಕಿಲ್ಲ.

ತಪ್ಪು ಕಲ್ಪನೆ: ರಸ್ತೆ ಸರಿಯಾಗುವ ತನಕ ಯಾರೂ ಏನೂ ಮಾಡಲಿಕ್ಕಾಗದು

ವಾಸ್ತವ: ರಸ್ತೆಯ ದೂರು ನಿಜವೇ. ಅದರ ಬೇರು ನಮ್ಮ ಮಣ್ಣಿನಲ್ಲಿದೆ. ಇದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮೇಲೆ ಹಾಸಿದ ಡಾಂಬರೂ ಅದರ ಜೊತೆಗೇ ಏರಿ ಇಳಿಯಬೇಕು. ತುಂಗಭದ್ರಾ ಕಾಲುವೆಯ ನೀರು ಬಿಟ್ಟಾಗ ರಸ್ತೆಯ ಎರಡೂ ಬದಿ ಭತ್ತದ ಗದ್ದೆ ತಿಂಗಳುಗಟ್ಟಲೆ ತುಂಬಿ ನಿಂತಿರುತ್ತದೆ. ರಸ್ತೆಯ ಅಂಚು ನೆನೆದು ಕುಸಿಯುತ್ತದೆ, ನಡುವೆ ಒಣಗಿರುತ್ತದೆ. ಹಾಗಾಗಿಯೇ ಗುಂಡಿ ಕಾಣದ ಹೊಸ ರಸ್ತೆಯಲ್ಲೂ ಗಾಡಿ ತೇಲಿ ಮುಳುಗಿದಂತೆ ಹೋಗುತ್ತದೆ. ಗದ್ದೆ ಕೆಸರು ಮಾಡಿದ ಟ್ರ್ಯಾಕ್ಟರನ್ನು ಕೇಜ್ ವ್ಹೀಲ್ ಬಿಚ್ಚದೆ ಹಾಗೇ ಡಾಂಬರಿನ ಮೇಲೆ ಓಡಿಸುವವರೂ ಇದ್ದಾರೆ. ಆ ಕಬ್ಬಿಣದ ಪಟ್ಟಿಗಳು ಡಾಂಬರನ್ನು ಕೊರೆದುಹಾಕುತ್ತವೆ. ಆ ಗೀರಿನಲ್ಲಿ ನೀರಿಳಿದು ಮುಂದಿನ ಮಳೆಗೆ ಗುಂಡಿಯಾಗುತ್ತದೆ. ಗಣಿಗಾರಿಕೆ ತಾರಕಕ್ಕೇರಿದ್ದ ಕಾಲದಲ್ಲಿ, ಅಂದರೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕುವ ತನಕ, ಅದಿರಿನ ಲಾರಿಗಳು ಈ ಜಿಲ್ಲೆಯ ರಸ್ತೆಗಳನ್ನು ಏನು ಮಾಡಿದವು ಎಂದು ಹಿರಿಯರನ್ನು ಕೇಳಬೇಕಿಲ್ಲ, ನಾವೇ ಕಂಡಿದ್ದೇವೆ.

ಆದರೆ ರೋಗಿಯನ್ನು ಹೆಚ್ಚು ಎತ್ತಿಹಾಕುವುದು ಮಣ್ಣು ಮಾಡಿದ ಉಬ್ಬಲ್ಲ, ನಾವೇ ಕಟ್ಟಿದ ಉಬ್ಬು. ಊರ ಮುಂದೆ ಯಾರಿಗೋ ಬೈಕ್ ಬಡಿಯಿತು ಎಂದರೆ ಆ ರಾತ್ರಿಯೇ ಒಂದು ಹಂಪ್ ಏಳುತ್ತದೆ. ನಳದ ಪೈಪಿಗೆಂದು ರಸ್ತೆ ಅಗೆದವರು ಮೇಲೆ ಕಾಂಕ್ರೀಟ್ ಸುರಿದು ಹೋಗುತ್ತಾರೆ, ಅದೂ ಒಂದು ಹಂಪ್. ಬಣ್ಣವಿಲ್ಲ, ಫಲಕವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹೊರತಂದ ಮಾರ್ಗಸೂಚಿ ಹಂಪ್ ಹೇಗಿರಬೇಕು ಎಂದು ಅಳತೆ ಕೊಟ್ಟಿದೆ: ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಗುಂಡಗಿನ ಬೆನ್ನು. ಅಂಥದ್ದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ನಿರಾಯಾಸವಾಗಿ ದಾಟಬಹುದು. 3.7 ಮೀಟರ್ ಎಂದರೆ ಹನ್ನೆರಡು ಅಡಿ. ನಮ್ಮ ಊರುಗಳಲ್ಲಿ ಕಾಣುವ ಹಂಪುಗಳಲ್ಲಿ ಎಷ್ಟು ಹನ್ನೆರಡು ಅಡಿ ಅಗಲವಿವೆ? ಒಂದೂವರೆ ಅಡಿ ಅಗಲಕ್ಕೆ ಗೇಣೆತ್ತರ ಕಟ್ಟಿದ ದಿಂಡನ್ನು ನಡೆದಷ್ಟು ನಿಧಾನವಾಗಿ ದಾಟಿದರೂ ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಏಟು ತಪ್ಪದು. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪುಗಳನ್ನು ತೆಗೆಯಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಸೂಚಿಸಿತ್ತು. ಬಳ್ಳಾರಿ–ಸಿರುಗುಪ್ಪ ದಾರಿ 150ಎ ರಾಷ್ಟ್ರೀಯ ಹೆದ್ದಾರಿ ಎಂಬುದು ಇಲ್ಲಿನವರಿಗೆ ಗೊತ್ತಿರಲಿ.

ಪೈಲಟ್ ಕೈಯಲ್ಲೂ ಬಹಳ ಇದೆ. ಒಂದರ ಹಿಂದೊಂದು ಸುಮಾರು ಮೂರು ಮೀಟರಿಗೊಂದರಂತೆ ಉಬ್ಬುಗಳಿರುವ ರಸ್ತೆಯಲ್ಲಿ 60ರ ವೇಗದಲ್ಲಿ ಹೋದರೆ ಸೆಕೆಂಡಿಗೆ ಐದಾರು ಸಲ ಕುಲುಕಾಟ. ದೇಹಕ್ಕೆ ಅತಿ ಕೆಟ್ಟದ್ದು ಎಂದು ಮೇಲೆ ಹೇಳಿದ 4ರಿಂದ 8ರ ಕಂಪನ ಇದೇ. ವೇಗ ಅರ್ಧ ಮಾಡಿದರೆ ಅದು ಮೂರಕ್ಕೆ ಇಳಿಯುತ್ತದೆ. ಹಾಗೆಂದು ಎಲ್ಲ ಕಡೆಯೂ ನಿಧಾನವೇ ಮದ್ದಲ್ಲ. ಒಂದೊಂದು ರಸ್ತೆಗೆ ಗಾಡಿ ಶಾಂತವಾಗುವ ಒಂದು ವೇಗವಿರುತ್ತದೆ. ದಿನಾ ಅದೇ ದಾರಿ ತುಳಿಯುವ ಪೈಲಟ್‌ಗಳಿಗೆ ಅದು ಸೀಟಿನಲ್ಲೇ ಗೊತ್ತಾಗುತ್ತದೆ. ಅವರಿಗೆ ಆ ವೇಗದಲ್ಲಿ ಹೋಗಲು ಬಿಡಬೇಕು.

ತಪ್ಪು ಕಲ್ಪನೆ: ಕೆಳಗೆ ಮೆತ್ತಗಿನ ಹಾಸಿಗೆ ಹಾಕಿದರೆ ಹೊಡೆತ ತಾಗದು

ವಾಸ್ತವ: ಮನೆಯಿಂದ ಎರಡು ಕೌದಿ, ಒಂದು ಫೋಮ್ ಗಾದಿ ತಂದು ಸ್ಟ್ರೆಚರಿನ ಮೇಲೆ ಹಾಸುವುದು ಪ್ರೀತಿಯಿಂದಲೇ. ಆದರೆ ಮೆತ್ತೆಗೂ ತನ್ನದೇ ಲಯವಿದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ನೂಕಿಗೂ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ರಸ್ತೆಯಿಂದ ಬರುವ ಕಂಪನ ಮೆತ್ತೆಯ ಲಯಕ್ಕೆ ಹತ್ತಿರವಿದ್ದರೆ ಮೆತ್ತೆ ಅದನ್ನು ನುಂಗುವುದಿಲ್ಲ, ಹಿಗ್ಗಿಸುತ್ತದೆ. ಸ್ಪ್ರಿಂಗ್ ಇರಲಿ, ಫೋಮ್ ಇರಲಿ, ಅದರ ಸ್ವಂತ ಲಯದ ಸುಮಾರು 1.4 ಪಟ್ಟಿಗಿಂತ ವೇಗವಾಗಿ ಬರುವ ಕಂಪನವನ್ನಷ್ಟೇ ಅದು ತಗ್ಗಿಸಬಲ್ಲದು. ಇನ್ನೊಂದು ತೊಂದರೆ: ಮೆತ್ತೆಯ ಮೇಲೆ ಮೈ ಜಾರುತ್ತದೆ, ಹೊರಳುತ್ತದೆ, ಮುರಿದ ಕಡೆಗೆ ಆಸರೆ ತಪ್ಪುತ್ತದೆ.

ಕೌದಿ ಬೇಡವೆಂದಲ್ಲ, ಅದರ ಜಾಗ ಬೇರೆ. ಬಿಗಿಯಾಗಿ ಸುತ್ತಿ ಮೈಯ ಎರಡೂ ಪಕ್ಕಕ್ಕೆ ಒತ್ತಿ ಇಡಿ. ಮಂಡಿಯ ಕೆಳಗೊಂದು ಸಣ್ಣ ಸುರುಳಿ. ಕಾಲು ಮುರಿದಿದ್ದರೆ ಎರಡು ಕಾಲಿನ ನಡುವೆ ಒಂದು ಮಡಿಕೆ ಇಟ್ಟು, ಸರಿಯಿರುವ ಕಾಲಿಗೆ ಸೇರಿಸಿ ಅಗಲದ ಬಟ್ಟೆಯಿಂದ ಕಟ್ಟಿ. ಗಂಟು ಮುರಿದ ಜಾಗದ ಮೇಲೆ ಬರಬಾರದು. ಈ ಕಟ್ಟನ್ನು ರೋಗಿಯನ್ನು ಎತ್ತುವ ಮುಂಚೆ ಹಾಕಬೇಕು, ಗಾಡಿಯಲ್ಲಿ ಮಲಗಿಸಿದ ಮೇಲಲ್ಲ. ಗಾಡಿ ಬಂದಿದ್ದರೆ ಈ ಕೆಲಸ ಇ.ಎಂ.ಟಿ.ಗೆ ಬಿಡಿ, ಅದಕ್ಕೆ ಬೇಕಾದ ಐದು ನಿಮಿಷವನ್ನೂ ಅವರಿಗೆ ಬಿಡಿ. ಹಾಗೆ ಕಟ್ಟಿದ ಕಾಲಿಗೆ ದಾರಿಯಲ್ಲಿ ಆಗುವ ನೋವಿಗೂ ಕಟ್ಟದ ಕಾಲಿನ ನೋವಿಗೂ ಅಜಗಜಾಂತರ.

ಬೆನ್ನುಹುರಿಗೆ ಪೆಟ್ಟಾಗಿದೆ ಎಂಬ ಅನುಮಾನವಿದ್ದರೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಊರು ದಾಟಿಸುವುದು ಹಳೆಯ ಪದ್ಧತಿ. ಹಲಗೆ ಎತ್ತಿ ಇಡಲಿಕ್ಕೆ ಸರಿ. ದೂರದ ದಾರಿಗೆ ಅದು ರಸ್ತೆಯ ಪ್ರತಿ ಏಟನ್ನೂ ನೇರವಾಗಿ ಬೆನ್ನಿಗೆ ದಾಟಿಸುತ್ತದೆ. ಗಾಳಿ ಹೀರಿ ಮೈಯ ಆಕಾರಕ್ಕೇ ಗಟ್ಟಿಯಾಗುವ ವ್ಯಾಕ್ಯೂಮ್ ಗಾದಿ ಇದ್ದಲ್ಲಿ ಅದು ಎಷ್ಟೋ ಮೇಲು.

ತಪ್ಪು ಕಲ್ಪನೆ: ದೊಡ್ಡ, ಹೊಸ, ಎ.ಸಿ. ಗಾಡಿಯಾದರೆ ಕುಲುಕಾಟ ಇರದು

ವಾಸ್ತವ: ಗಾಯಾಳುಗಳ ಗಾಡಿಗೆ ಸ್ಪ್ರಿಂಗ್ ಬೇಕೆಂಬ ಅರಿವು ಹಳೆಯದು. ನೆಪೋಲಿಯನ್ ಸೈನ್ಯದ ವೈದ್ಯ ಡೊಮಿನಿಕ್ ಲ್ಯಾರೆ 1790ರ ದಶಕದಲ್ಲಿ ಕಟ್ಟಿಸಿದ ಕುದುರೆಗಾಡಿಗೇ ಸ್ಪ್ರಿಂಗ್ ಇತ್ತು. ಆದರೆ ನಮ್ಮಲ್ಲಿನ ಬಹುಪಾಲು ಆಂಬುಲೆನ್ಸ್‌ಗಳು ಸರಕು ಅಥವಾ ಜನ ಸಾಗಿಸುವ ವ್ಯಾನುಗಳ ಚಾಸಿಯ ಮೇಲೆ ಕಟ್ಟಿದವು. ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟಿಗಳು ತುಂಬಿದ ಭಾರಕ್ಕೆ ತಕ್ಕ ಬಿಗಿಯವು. ಒಬ್ಬ ರೋಗಿ, ಒಬ್ಬರು ಇ.ಎಂ.ಟಿ. ಇದ್ದರೆ ಆ ಪಟ್ಟಿಗಳು ಬಾಗುವುದೇ ಕಡಿಮೆ. ಪಟ್ಟಿಗಳ ನಡುವೆ ತುಕ್ಕು ಹಿಡಿದರಂತೂ ಸಣ್ಣ ಕಂಪನ ಹಾಗೇ ಮೇಲೆ ಬರುತ್ತದೆ. ದೇಶದಲ್ಲಿ ಆಂಬುಲೆನ್ಸ್‌ಗಳಿಗೆಂದೇ ಎಐಎಸ್-125 ಎಂಬ ಮಾನದಂಡವಿದೆ. ಅದು ಗಾಡಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತದೆ. ಅದರಂತೆ ಕಟ್ಟಿದ ಗಾಡಿ ಹೊರಬರುವಾಗ ಸರಿಯಿದ್ದರೂ ಅದನ್ನು ಹಾಗೇ ಇಟ್ಟುಕೊಳ್ಳುವುದು ದಿನದಿನದ ಕೆಲಸ.

ಸ್ಟ್ರೆಚರಿನ ಲಾಕ್ ಒಂದನ್ನೇ ಹತ್ತಿರದಿಂದ ನೋಡಿ. ನೆಲಕ್ಕೆ ಬಿಗಿದ ಹಳಿಯ ಮೇಲೆ ಸ್ಟ್ರೆಚರ್ ಸರಿದು ಬಂದು ಕೊಕ್ಕೆಗೆ ಕೂರುತ್ತದೆ. ಆ ಕೊಕ್ಕೆ ಸವೆದು ಬೆರಳಿನಷ್ಟು ಸಡಿಲವಾದರೆ ಪ್ರತಿ ಗುಂಡಿಗೂ ಸ್ಟ್ರೆಚರ್ ಮೊದಲು ಮೇಲೆದ್ದು ಆಮೇಲೆ ಬಡಿಯುತ್ತದೆ. ಗಾಡಿಗೆ ಒಂದು ಏಟು, ರೋಗಿಗೆ ಎರಡು. ಟಕ್ ಟಕ್ ಎಂಬ ಆ ಸದ್ದು ಒಳಗೆ ಕೂತ ಯಾರಿಗೂ ಕೇಳುತ್ತದೆ. ಕೇಳಿದರೆ ಗಾಡಿ ನಿಲ್ಲಿಸಿ ಸರಿ ಮಾಡಿಸಿ. ಟೈರಿನ ಗಾಳಿಯ ಕಥೆಯೂ ಇದೇ. ಹೆಚ್ಚು ತುಂಬಿದರೆ ಟೈರ್ ಕಲ್ಲಾಗುತ್ತದೆ. ಮೆತ್ತಗಾಗಲಿ ಎಂದು ಕಡಿಮೆ ಮಾಡಿದರೆ ಬಳ್ಳಾರಿಯ ಬಿಸಿಲಿಗೆ ಕಾದು ಒಡೆಯುವ ಭಯ. ಕಂಪನಿ ಹೇಳಿದಷ್ಟು ಗಾಳಿ, ಬೆಳಗ್ಗೆ ಗಾಡಿ ತಣ್ಣಗಿದ್ದಾಗ ನೋಡಿದರೆ ಸಾಕು.

 

ತಪ್ಪು ಕಲ್ಪನೆ: ಬೆಲ್ಟ್ ಬಿಗಿದರೆ ಉಸಿರು ಕಟ್ಟುತ್ತದೆ, ನಾಲ್ಕು ಜನ ಹಿಡಿದುಕೊಂಡರೆ ಸಾಕು

ವಾಸ್ತವ: ಹಿಡಿದುಕೊಂಡವರೂ ಅದೇ ಗಾಡಿಯಲ್ಲಿ ಎಗರುತ್ತಿರುತ್ತಾರೆ. ಹಂಪಿನಲ್ಲಿ ಅವರ ಭಾರವೇ ರೋಗಿಯ ಮೇಲೆ ಬೀಳುತ್ತದೆ. ಎದೆ, ಸೊಂಟ, ಕಾಲು, ಈ ಮೂರು ಕಡೆ ಬೆಲ್ಟ್. ಇದ್ದರೆ ಹೆಗಲಿನ ಮೇಲಿನದ್ದೂ. ಹೆಗಲ ಬೆಲ್ಟ್ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ರೋಗಿ ತಲೆಯ ಕಡೆಗೆ ಜಾರುತ್ತಾನೆ. ಬೆಲ್ಟಿನ ಕೆಳಗೆ ಅಂಗೈ ತೂರುವಷ್ಟು ಜಾಗವಿದ್ದರೆ ಉಸಿರಾಟಕ್ಕೆ ಅಡ್ಡಿಯಿಲ್ಲ. ಹಿಂದೆ ಒಬ್ಬರೇ ಬಂಧು ಕೂರಲಿ, ಅವರೂ ಬೆಲ್ಟ್ ಹಾಕಿಕೊಳ್ಳಲಿ.

ತಪ್ಪು ಕಲ್ಪನೆ: ಕುಲುಕಾಟಕ್ಕೆ ಹೆರಿಗೆ ಬೇಗ ಆಗುತ್ತದೆ

ವಾಸ್ತವ: ದಾರಿಯಲ್ಲೇ ಹೆರಿಗೆಯಾಯಿತು ಎಂದು ಸುದ್ದಿ ಬಂದಾಗಲೆಲ್ಲ ಗುಂಡಿಯ ಮೇಲೆ ಆರೋಪ. ಹೆಚ್ಚಿನ ಸಲ ನಿಜ ಸಂಗತಿ ಸರಳ: ನೋವು ಶುರುವಾಗಿ ಬಹಳ ಹೊತ್ತಾದ ಮೇಲೆ ಫೋನ್ ಮಾಡಿರುತ್ತಾರೆ. ಕುಲುಕಾಟವನ್ನು ಹೆರಿಗೆಯ ಮದ್ದು ಎಂದು ನಂಬಿ, ದಿನ ಮೀರಿದ ಬಸುರಿಯನ್ನು ಬೇಕೆಂದೇ ಟ್ರ್ಯಾಕ್ಟರಿನಲ್ಲೋ ಬೈಕಿನಲ್ಲೋ ಕೂರಿಸಿಕೊಂಡು ಹೋಗುವುದು ಅಪಾಯ. ಹೊಟ್ಟೆಗೆ ಪೆಟ್ಟಾದರೆ ಮಾಸು ಕಳಚಿಕೊಂಡು ತಾಯಿ, ಮಗು ಇಬ್ಬರಿಗೂ ಕುತ್ತು. ಆಂಬುಲೆನ್ಸ್‌ನಲ್ಲಿ ಆಕೆಯನ್ನು ಅಂಗಾತ ಮಲಗಿಸಬೇಡಿ. ದಿನ ತುಂಬುತ್ತಿರುವ ಗರ್ಭದ ಭಾರ ಬೆನ್ನಿನ ಉದ್ದಕ್ಕೂ ಹರಿಯುವ ದೊಡ್ಡ ರಕ್ತನಾಳವನ್ನು ಒತ್ತಿ ತಾಯಿಯ ಬಿ.ಪಿ. ಇಳಿಸುತ್ತದೆ, ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಬೆನ್ನ ಹಿಂದೆ ಕೌದಿಯ ಸುರುಳಿ ಒತ್ತಿ, ಬೆಲ್ಟ್ ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ತೊಡೆಯ ಬುಡಕ್ಕೆ ಬರಲಿ. ಸಿಸೇರಿಯನ್ ಆಗಿ, ಬಾಣಂತಿಯರನ್ನು ಮನೆಗೆ ಬಿಡುವ ‘ನಗು-ಮಗು’ ಗಾಡಿಯಲ್ಲಿ ಮರಳುವ ತಾಯಿಗೂ ಕುಲುಕಾಟ ಹೊಲಿಗೆಯಲ್ಲಿ ತಿಳಿಯುತ್ತದೆ. ಆ ಗಾಡಿ ಓಡಿಸುವವರಿಗೆ ಅವಸರವೇನಿದೆ?

ತಪ್ಪು ಕಲ್ಪನೆ: ಎಳೆಗೂಸು ಹಗುರ, ಮಡಿಲಲ್ಲಿ ಇಟ್ಟುಕೊಂಡರೆ ಹೊಡೆತ ತಾಗದು

ವಾಸ್ತವ: ತಾಗುವುದು ಎಲ್ಲರಿಗಿಂತ ಹೆಚ್ಚು ಅದಕ್ಕೇ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಮಿದುಳಿನ ಒಳಭಾಗದ ರಕ್ತನಾಳಗಳು ತುಂಬಾ ಎಳಸು. ಮೊದಲ ಮೂರು ದಿನ ಅವು ಒಡೆದು ರಕ್ತ ಸೋರುವ ಅಪಾಯ ದೊಡ್ಡದು. ಬೇರೆ ಕಡೆ ಹುಟ್ಟಿ, ಆಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸಿದ ಇಂಥ ಮಕ್ಕಳಲ್ಲಿ ಈ ರಕ್ತಸ್ರಾವ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅದಕ್ಕೆ ಕುಲುಕಾಟವೊಂದೇ ಕಾರಣವಲ್ಲ. ಚಳಿ, ಆಮ್ಲಜನಕದ ಏರುಪೇರು, ಸಕ್ಕರೆ ಇಳಿಯುವುದು ಎಲ್ಲ ಸೇರಿರುತ್ತವೆ. ಕುಲುಕಾಟ ಆ ಎಲ್ಲವನ್ನೂ ಬಿಗಡಾಯಿಸುತ್ತದೆ. ಫೋಮಿನ ಮೆತ್ತೆ ಇಲ್ಲಿ ಇನ್ನೂ ಕೆಡುಕು. ಅಷ್ಟು ಹಗುರ ಮೈಯ ಭಾರಕ್ಕೆ ಫೋಮ್ ಕುಗ್ಗುವುದೇ ಇಲ್ಲ.

ಅವಧಿಗೆ ಮುಂಚೆ ನೋವು ಬಂದರೆ ಮಗುವನ್ನು ಸಾಗಿಸುವ ಎಲ್ಲಕ್ಕಿಂತ ಒಳ್ಳೆಯ ಗಾಡಿ ತಾಯಿಯ ಗರ್ಭವೇ. ಹುಟ್ಟಿದ ಮೇಲೆ ಓಡುವುದಕ್ಕಿಂತ ಹುಟ್ಟುವ ಮೊದಲೇ ತಾಯಿಯನ್ನು ನವಜಾತ ಶಿಶುಗಳ ಘಟಕ ಇರುವ ಆಸ್ಪತ್ರೆಗೆ ಸೇರಿಸಬೇಕು. 24ರಿಂದ 34 ವಾರದೊಳಗೆ ನೋವು ಬಂದ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು, 6 ಮಿ.ಗ್ರಾಂ.ನಂತೆ 12 ತಾಸಿಗೊಂದು, ಒಟ್ಟು ನಾಲ್ಕು ಸಲ, ಎಂಬುದು ಕೇಂದ್ರದ ಮಾರ್ಗಸೂಚಿ. ಮೊದಲ ಡೋಸನ್ನು ಮುಂದಕ್ಕೆ ಕಳಿಸುವ ಮುಂಚೆಯೇ ಕೊಡಬಹುದು. ಆಶಾ ಅಕ್ಕಂದಿರು ಇದನ್ನು ಕೇಳಿ ಹಾಕಿಸಲಿ.

ಹುಟ್ಟಿಯೇಬಿಟ್ಟರೆ, ಮಗು ಸ್ಥಿರವಾಗಿದ್ದು ವೈದ್ಯರು ಒಪ್ಪಿದರೆ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಬಟ್ಟೆಯಿಂದ ಕಟ್ಟಿಕೊಂಡು ಹೋಗುವ ಕಾಂಗರೂ ಆರೈಕೆ ದಾರಿಗೂ ಒಗ್ಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ ಇದು. ಮೈಬಿಸಿ ಇಳಿಯುವುದಿಲ್ಲ, ತಾಯಿಯ ಮೈಯೇ ಹೊಡೆತವನ್ನು ತಡೆಯುತ್ತದೆ. ತಾಯಿ ಅರೆ ಒರಗಿ ಕೂತು ಬೆಲ್ಟ್ ಹಾಕಿಕೊಂಡಿರಬೇಕು, ಮಗುವಿನ ಮುಖ ಪಕ್ಕಕ್ಕೆ ತಿರುಗಿ ಮೂಗು ತೆರೆದಿರಬೇಕು. ತಾಯಿ ಜೊತೆಗಿಲ್ಲದಿದ್ದರೆ ತಂದೆಯೋ ಅಜ್ಜಿಯೋ ಆಗಬಹುದು. ಕೈಯಲ್ಲಿ ಹಿಡಿದ ಮಗು ಮತ್ತು ಎದೆಗೆ ಕಟ್ಟಿದ ಮಗು ಎರಡೂ ಒಂದಲ್ಲ.

ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಕಡೆಯ ಓದುಗರಲ್ಲಿ ಮೂರು ಬಿನ್ನಹ. 108ಕ್ಕೆ ಕರೆ ಮಾಡುವಾಗ ಮೂಳೆ ಮುರಿದಿದೆ, ತಿಂಗಳು ತುಂಬದ ಬಸುರಿ, ಬೆನ್ನಿಗೆ ಪೆಟ್ಟು, ಏನಿದೆಯೋ ಅದನ್ನು ಬಿಡಿಸಿ ಹೇಳಿ. ಗಾಡಿ ಬಂದ ಮೇಲೆ ‘ಜಲ್ದಿ’ ಬದಲು ‘ನೋಡ್ಕೊಂಡು ಹೋಗಣ್ಣ’ ಅನ್ನಿ. ಇನ್ನು ಮುಂದಿನ ಗ್ರಾಮಸಭೆಗೆ ಹೋಗುವ ಮುಂಚೆ ನಿಮ್ಮೂರಿನಿಂದ ಬಳ್ಳಾರಿಯ ತನಕ ಇರುವ ಹಂಪುಗಳನ್ನು ಟೇಪ್ ಹಿಡಿದು ಅಳೆಯಿರಿ. ಹನ್ನೆರಡು ಅಡಿಗಿಂತ ಕಡಿಮೆ ಅಗಲದ್ದು, ನಾಲ್ಕು ಇಂಚಿಗಿಂತ ಎತ್ತರದ್ದು ಯಾವುದಿದೆಯೋ ಅದರ ಜಾಗ ಬರೆದು, ಫೋಟೊ ಅಂಟಿಸಿ, ಊರೊಳಗಿನದ್ದಾದರೆ ಪಂಚಾಯಿತಿಗೆ, ಜಿಲ್ಲಾ ರಸ್ತೆಯದ್ದಾದರೆ ಲೋಕೋಪಯೋಗಿ ಇಲಾಖೆಗೆ, ಹೆದ್ದಾರಿಯದ್ದಾದರೆ ಹೆದ್ದಾರಿ ವಿಭಾಗಕ್ಕೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.